ಮಣ್ಣಲ್ಲದ ಕೆಸರು

ಮಣ್ಣಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ. ಎಳೆಯ ಪ್ರಾಯದಿಂದಲೂ ಮಣ್ಣಿನ ಗೋಡೆ ಕಟ್ಟುತ್ತ ಬಂದವನು. ಅಮ್ಮ ಕೊನೆಯುಸಿರೆಳೆದ ಕೋಣೆಯನ್ನೂ ಅವನೇ ಕಟ್ಟಿದ್ದ. ಆ ಬೆಳಿಗ್ಗೆ ಬಂದು ನೋಡಿದರೆ ಕೋಣೆ ನೆಲಸಮ! ಸಿಮೆಂಟು ಕೆಲಸದ ತಮ್ಮ ಹೇಳದೆ ಕೇಳದೆ ಕೆಡವಿ, ಕಂಬದ ಗುಂಡಿಗೆ ಕಾಂಕ್ರೀಟು ಸುರಿದು ನಿಂತಿದ್ದ.

ಮಾತಿಗೆ ಮಾತು ಬೆಳೆಯಿತು. ಮಣ್ಣಣ್ಣ ಸಲಿಕೆ ಬೀಸಿಯೇಬಿಟ್ಟ. ಏಟು ಮೊಣಕಾಲಿಗೆ ಬಿದ್ದು ಮೂಳೆ ಲಟಕ್ಕೆಂದಿತು. ತಮ್ಮ ಗುಂಡಿಗೆ ಜಾರಿದ. ಎರಡೂ ಕಾಲು ಕಬ್ಬಿಣದ ಸರಳುಗಳ ನಡುವೆ ಸಿಕ್ಕಿ ತೊಡೆಯವರೆಗೆ ಹೂತುಹೋದವು.

"ಎತ್ತಣ್ಣಾ!"

"ತಪ್ಪಾಯ್ತು ಅನ್ನು, ಎತ್ತುತ್ತೀನಿ."

"ಸತ್ರೂ ಅನ್ನಲ್ಲ."

ಇಬ್ಬರೂ ಒಂದೇ ಬಳ್ಳಿಯ ಕಾಯಿಗಳು. ಹಟಕ್ಕೇನೂ ಕಡಿಮೆಯಿಲ್ಲ, ಬುದ್ಧಿಗೆ ಮಾತ್ರ ಬಡತನ.

ಮಣ್ಣಣ್ಣ ಇಟ್ಟಿಗೆ ರಾಶಿಯ ಮೇಲೆ ಜಗ್ಗದೆ ಕುಳಿತ. ಗುಂಡಿಯ ಮೇಲ್ಮೈ ಒಣಗಿದಂತೆ ಕಂಡಾಗಲೆಲ್ಲ ಎದ್ದು ಬಕೆಟ್ ನೀರು ಹೊಯ್ದ. ಮಣ್ಣು ಎಷ್ಟು ಸಲ ಒಣಗಿದರೂ ನೀರು ಕಂಡರೆ ಮತ್ತೆ ಕೆಸರೇ ತಾನೆ? ಇದೂ ಹಾಗೇ ಎಂಬುದು ಅವನ ಲೆಕ್ಕ.

"ಇದು ಒಣಗೋದಲ್ಲಣ್ಣಾ!" ತಮ್ಮ ಅರಚಿದ. "ನೀರು ಕುಡಿದೇ ಕಲ್ಲಾಗುತ್ತೆ ಇದು! ಬೇಗ ಗಟ್ಟಿಯಾಗೋ ಪುಡಿ ಬೇರೆ ಹಾಕಿದೀನಿ. ಆಮೇಲೆ ಸಮುದ್ರ ಸುರಿದ್ರೂ ಕರಗಲ್ಲ!"

"ನನಗೇ ಕೆಸರಿನ ಪಾಠ ಹೇಳ್ತೀಯಾ?" ದವಡೆಗೆ ಇನ್ನೊಂದು ಏಟು ಬಿತ್ತು. ತುಟಿ ಹರಿದು ರಕ್ತ ಸುರಿಯಿತು.

ಬಿಸಿಲೇರಿದಾಗ ಮಣ್ಣಣ್ಣನ ಹೆಂಡತಿ ಕೂಗು ಕೇಳಿ ಓಡಿಬಂದಳು. ಮೈದುನನ ತೋಳು ಹಿಡಿದು ಎಳೆದಳು, ಕೂದಲೆಳೆಯಷ್ಟೂ ಅಲುಗಲಿಲ್ಲ. ಆಸರೆಗೆಂದು ಗುಂಡಿಯ ಮೇಲೆ ಅಂಗೈ ಊರಿದವಳು ಚೀರಿದಳು.

"ರೀ, ಇದು ಬಿಸಿಯಾಗಿದೆ!"

ಮಣ್ಣಣ್ಣ ಮುಟ್ಟಿ ನೋಡಿದ. ಕೆಸರು ತಾನಾಗಿ ಬಿಸಿಯಾದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಕೆಟ್ ಮೇಲೆ ಬಕೆಟ್ ಸುರಿದ. ನೀರು ಬಂಡೆಯ ಮೇಲಿನಿಂದ ಹರಿದಂತೆ ಹರಿದುಹೋಯಿತು. ಉಗುರು ಕಿತ್ತುಬರುವಂತೆ ಕೆರೆದ. ಅವನ ರಕ್ತ ಅಂಟಿತೇ ಹೊರತು ಒಂದು ಚೂರೂ ಕದಲಲಿಲ್ಲ.

"ಕಾಲು ಸುಡ್ತಿದೆ ಅಣ್ಣಾ," ಎಂದು ತಮ್ಮ ನರಳಿದ.

ಉಳಿದದ್ದು ದೊಡ್ಡ ಸುತ್ತಿಗೆಯೊಂದೇ. ಎತ್ತಿ, ತೊಡೆಯ ಪಕ್ಕಕ್ಕೆ ಗುರಿಯಿಟ್ಟ. ತುಸು ತಪ್ಪಿದರೆ ಕಾಲೇ ಪುಡಿಪುಡಿ. ಬೆಳಗಿನಿಂದ ಹೊಡೆಯಲು ಹಿಂದೆಮುಂದೆ ನೋಡದ ಕೈ ಈಗ ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸಿತು.

"ತಪ್ಪಾಯ್ತು ಕಣೋ," ಎಂದು ಮಣ್ಣಣ್ಣ ಅತ್ತ.

ತಮ್ಮ ಹರಿದ ತುಟಿ ಕಚ್ಚಿ ಅಣ್ಣನನ್ನೇ ನೋಡಿದ.

"ಹೊಡಿ ಅಣ್ಣಾ," ಅಂದ. "ಈಗ ಹೊಡಿ."