ಮೂವತ್ತರ ಮಗ್ಗಿಗೂ ಸಿಗದವನು

ನಾನು ಒಂದು ಸಂಖ್ಯೆ. ಮೂವತ್ತು ಸಾವಿರದ ಮೂವತ್ತೊಂದು ಎನ್ನುತ್ತಾರೆ. ಹುಟ್ಟಿದ್ದು ಯಾವಾಗ ಎಂದು ಮಾತ್ರ ಕೇಳಬೇಡಿ, ಅಲ್ಲೇ ನನ್ನ ತಲೆ ಕೆಡುತ್ತದೆ. ಲೋಕದಲ್ಲಿ ಎಣಿಸುವವರೇ ಇಲ್ಲದಾಗಲೂ ನಾನಿದ್ದೆನೋ ಏನೋ. ನನಗೆ ನೆನಪಿರುವುದು ಗದಗಿನ ಕಡೆಯ ಒಂದು ಹೈಸ್ಕೂಲಿನ ಕಪ್ಪು ಹಲಗೆ. ಅಲ್ಲಿ ಗಣಿತದ ಅಂದಾನಪ್ಪ ಮಾಸ್ತರು ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು ಇಷ್ಟನ್ನೂ ಗುಣಿಸಿ, ಬಂದದ್ದಕ್ಕೆ ಒಂದು ಕೂಡಿಸಿದರು. ನೋಡಿದರೆ ನಾನು ನಿಂತಿದ್ದೆ.

"ಈ ಆರರಾಗ ಯಾವುದರಿಂದ ಭಾಗಿಸಿದ್ರೂ ಒಂದು ಉಳಿತೈತಿ. ಅಂದ್ರ ಇದು ಅವಿಭಾಜ್ಯ. ಒಂದು ಮತ್ತ ತಾನು, ಇಷ್ಟು ಬಿಟ್ರ ಇದನ್ನ ಯಾರೂ ಸರಿಯಾಗಿ ಭಾಗಿಸಂಗಿಲ್ಲ," ಎಂದರು.

ನಾನು ಉಬ್ಬಿಹೋದೆ. ನನ್ನ ಪಕ್ಕದ ಮೂವತ್ತು ಸಾವಿರದ ಮೂವತ್ತು ಛತ್ರವಿದ್ದಂತೆ, ಬಂದವರಿಗೆಲ್ಲ ಪಾಲು. ನಾನು ಹಾಗಲ್ಲವಲ್ಲ. ಆದರೂ ಒಳಗೊಳಗೇ ಒಂದು ಗೊಂದಲ. ನನ್ನ ಅಂಕಿಗಳನ್ನು ಕೂಡಿಸಿದರೆ ಏಳು ಬರುತ್ತದೆ, ಆದರೆ ಏಳರಿಂದ ಭಾಗಿಸಿದರೆ ನಾನು ಹೋಗುವುದಿಲ್ಲ. ಇದೆಂಥ ನೆಂಟಸ್ತಿಕೆಯೋ ತಿಳಿಯಲಿಲ್ಲ.

ಮಾಸ್ತರಿಗೆ ಮೂವತ್ತರವರೆಗೆ ಮಗ್ಗಿ ಬಾಯಿಪಾಠ. ಊರಲ್ಲಿ ಅವರಿಗೆ ಅದಕ್ಕೇ ಮರ್ಯಾದೆ. ಎರಡರಿಂದ ಮೂವತ್ತರವರೆಗೆ ಯಾವ ಮಗ್ಗಿಗೂ ನಾನು ಸಿಗಲಿಲ್ಲ. ಹಾಗಾಗಿ ಇಪ್ಪತ್ತೆಂಟು ವರ್ಷ ಮಕ್ಕಳ ನೋಟುಬುಕ್ಕುಗಳಲ್ಲಿ ಅವಿಭಾಜ್ಯನೆಂದೇ ಮೆರೆದೆ.

ಈ ವರ್ಷ ನನ್ನನ್ನು ಪ್ರಶ್ನೆಪತ್ರಿಕೆಗೆ ಹಾಕಿದರು. ಜಿಲ್ಲಾ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನೇ ಆರಿಸಬೇಕಿತ್ತು. ಎಲ್ಲರೂ ನನ್ನನ್ನು ಅವಿಭಾಜ್ಯ ಎಂದರೆ, ಒಂಬತ್ತನೇ ತರಗತಿಯ ಕಸ್ತೂರಿ ಅಲ್ಲ ಎಂದು ಬರೆದಳು. ಕೆಂಪು ಗೆರೆ ಬಿತ್ತು. ಆ ಎರಡು ಅಂಕಕ್ಕೆ ಅವಳ ಆಯ್ಕೆ ತಪ್ಪಿತು. ತಕ್ಕ ಶಾಸ್ತಿ ಎಂದುಕೊಂಡೆ.

ಮರುದಿನ ಅವಳು ಉತ್ತರಪತ್ರಿಕೆ ಹಿಡಿದು ಬಂದಳು. ಕಣ್ಣು ತುಂಬಿತ್ತು.

"ಸರ್, ನೀವು ಮೂವತ್ತರ ಮಗ್ಗಿಗೆ ನಿಂತ್ರಿ. ನಾ ಮುಂದ ಹೋದ್ನಿರಿ. ಐವತ್ತೊಂಬತ್ತರಿಂದ ಭಾಗಿಸಿ ನೋಡ್ರಿ."

ಮಾಸ್ತರು ಹಲಗೆಯ ಮೇಲೆ ಭಾಗಿಸಿದರು. ಬಂದದ್ದು ಐನೂರ ಒಂಬತ್ತು, ಶೇಷ ಸೊನ್ನೆ. ನನ್ನ ಜಂಭವೆಲ್ಲ ಜರ್ರನೆ ಇಳಿಯಿತು. ಒಬ್ಬನೇ ಎಂದುಕೊಂಡಿದ್ದ ನನ್ನೊಳಗೆ ಇಬ್ಬರು ಕೂತಿದ್ದರು. ಹಾಗಾದರೆ ಇಷ್ಟು ವರ್ಷ ಮೆರೆದವನು ಯಾರು?

ಮಾಸ್ತರು ಗುಣಿಸಿಯೂ ನೋಡಿದರು. ಆಮೇಲೆ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತರು.

"ಆ ಆರು ಸಂಖ್ಯೆಯಿಂದ ಹೋಗಲಿಲ್ಲ ಅಂದ್ರ ಯಾವುದರಿಂದನೂ ಹೋಗಂಗಿಲ್ಲ ಅಂತ ತಿಳಕೊಂಡಿದ್ದೆ. ಇಪ್ಪತ್ತೆಂಟು ವರ್ಷ ತಪ್ಪು ಕಲಿಸೀನವ್ವಾ. ನೀ ಹೇಳು, ನಾ ಬರಕೋತೀನಿ."

ಸ್ಪರ್ಧೆಗೆ ಕಸ್ತೂರಿಯೇ ಹೋದಳು. ಮಾಸ್ತರು ನಿವೃತ್ತರಾದರು. ನಾನೀಗ ಹಲಗೆಯ ಮೇಲಿನ ಮೂಲೆಯಲ್ಲಿ ಮಾಸುತ್ತಿದ್ದೇನೆ. ಒರೆಸಬೇಡಿ ಎಂದು ಮಾಸ್ತರು ಹೇಳಿ ಹೋಗಿದ್ದಾರೆ. ಪಕ್ಕದಲ್ಲಿ ಐವತ್ತೊಂಬತ್ತು, ಐನೂರ ಒಂಬತ್ತು, ಕಸ್ತೂರಿಯ ಕೈಬರಹದಲ್ಲಿ. ನಾನು ಒಬ್ಬನೋ ಇಬ್ಬರೋ, ಇನ್ನೂ ಬಗೆಹರಿದಿಲ್ಲ.

ಮೊನ್ನೆ ಮಾಸ್ತರು ಶಾಲೆಗೆ ಬಂದಿದ್ದರು. ನನ್ನನ್ನು ಒಮ್ಮೆ ನೋಡಿ ಕಸ್ತೂರಿಗೆ ಹೇಳಿದರು: "ನಲವತ್ತಮೂರರ ಮಗ್ಗಿ ಬಾಯಿಪಾಠ ಆತವ್ವಾ. ಐವತ್ತೊಂಬತ್ತು ಇನ್ನೂ ದೂರ ಐತಿ."