ಫ್ರಿಜ್ಜಿನಲ್ಲಿ ಉಳಿದ ಸೂಜಿ

"ಟೈಲರು ಸೂಜಿ ಹಾಕಿಸ್ಕೊಂಡ. ಎಲ್ಲಿದಾನೆ ತೋರಿಸು, ನಾನೂ ಹಾಕಿಸ್ಕೋತೀನಿ," ಎಂದು ಡ್ರೈವರ್ ತಾತ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

ಆರೋಗ್ಯ ಇಲಾಖೆಯ ಡಾಕ್ಟರಮ್ಮ ಊಟದ ಹಾಲಿನ ಮೂಲೆ ಮೇಜಿನ ಮೇಲೆ ರಿಜಿಸ್ಟರು ಹರಡಿಕೊಂಡಿದ್ದಳು. ಪಕ್ಕದಲ್ಲಿ ಲಸಿಕೆಯ ಐಸ್ ಪೆಟ್ಟಿಗೆ. "ತಾತ, ಛತ್ರಿ ಹಿಡಿದ್ರೂ ಕಾಲು ನೆನೆಯುತ್ತೆ. ಹಾಗಂತ ಛತ್ರಿ ಬಿಸಾಕ್ತಾರಾ?"

"ಅವನು ಕಾಲು ನೆನೆದು ಸಾಯ್ಲಿಲ್ಲ ಕಣಮ್ಮ. ಮುಳುಗಿ ಸತ್ತ."

ಹಾಲಿನಲ್ಲಿದ್ದವರು ನಕ್ಕರು. ನಕ್ಕವರಲ್ಲಿ ಇಬ್ಬರಿಗೆ ಇನ್ನೂ ಕೆಮ್ಮು ನಿಂತಿರಲಿಲ್ಲ. ಅಲ್ಲಿನ ಹಿರಿಯ ನರ್ಸು ದೊಡ್ಡ ಸಿಸ್ಟರ್ ಮಾತ್ರ ನಗಲಿಲ್ಲ.

ಆ ವೃದ್ಧಾಶ್ರಮದಲ್ಲಿ ಐವತ್ತಾರು ಜನ ಇದ್ದರು. ಮೂರು ವಾರದ ಹಿಂದೆ ಹೊಕ್ಕ ಫ್ಲೂ ಜ್ವರ ಮಂಚದಿಂದ ಮಂಚಕ್ಕೆ ಹಾರಿ ಹದಿನಾರು ಜನರನ್ನು ಮಲಗಿಸಿತು. ಮೂವರು ಏಳಲೇ ಇಲ್ಲ. ಅವರಲ್ಲಿ ಇಬ್ಬರು ಲಸಿಕೆ ಬೇಡವೆಂದವರು. ಮೂರನೆಯವನು ಟೈಲರ್ ತಾತ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ, ಲಸಿಕೆ ಆಯಿತೆಂದು, ದಪ್ಪಗೆ ಒಂದು ರೈಟು ಬಿದ್ದಿತ್ತು. ಬೇಡವೆಂದವರಲ್ಲಿ ಬದುಕಿದ್ದ ಹನ್ನೆರಡು ಜನಕ್ಕೆ ಈಗ ಆ ರೈಟೇ ಸಾಕ್ಷಿಯಾಗಿತ್ತು.

ರೈಟು ಹಾಕಿದವಳು ದೊಡ್ಡ ಸಿಸ್ಟರ್. ಮಾತ್ರೆಯಿರಲಿ, ಸ್ನಾನವಿರಲಿ, ಬೆಳಗಿನ ಚಹಾ ಕುದಿಯುವಷ್ಟರಲ್ಲಿ ಕೆಲಸಕ್ಕೆ ಮುಂಚೆಯೇ ಎಲ್ಲ ಹೆಸರಿಗೂ ಗುರುತು ಹಾಕಿಬಿಡುವುದು ಅವಳ ಇಪ್ಪತ್ತೆರಡು ವರ್ಷದ ಪದ್ಧತಿ. "ಕೆಲಸ ಎಲ್ಲಿ ಓಡಿಹೋಗುತ್ತೆ?" ಎನ್ನುತ್ತಿದ್ದಳು. ಜ್ವರ ಬರುವುದಕ್ಕೆ ಮುಂಚಿನ ಲಸಿಕೆಯ ದಿನ ಕೆಲಸ ಓಡಲಿಲ್ಲ, ಟೈಲರ್ ಓಡಿದ. ನಲವತ್ತು ವರ್ಷ ಸೂಜಿ ಹಿಡಿದು ಬದುಕಿದವನು ಸೂಜಿ ಕಂಡರೆ ನಡುಗುತ್ತಿದ್ದ. ಮಗಳು ಬೈದಳೆಂದು ಒಪ್ಪಿಕೊಂಡವನು, ಸರದಿ ಬಂದಾಗ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ.

"ಊಟ ಆದ್ಮೇಲೆ ಬರ್ತೀನಿ ಕಣವ್ವ."

"ಹಾಳಾಗ್ಹೋಗಿ, ಅಲ್ಲೇ ಬಿದ್ದಿರಿ!" ಎಂದು ಅವಳು ಮುಂದಿನ ಕೋಣೆಗೆ ನಡೆದಿದ್ದಳು.

ಊಟವಾದ ಮೇಲೆ ಅಜ್ಜಿಯೊಬ್ಬಳು ವರಾಂಡದಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆ ಗಲಾಟೆಯಲ್ಲಿ ಟೈಲರ್ ಮರೆತುಹೋದ. ಸಂಜೆ ನೋಡಿದರೆ ಫ್ರಿಜ್ಜಿನ ಬಾಗಿಲಲ್ಲಿ, ಕಣ್ಣಿನ ಔಷಧಿಯ ಹಿಂದೆ, ತುಂಬಿದ ಸಿರಿಂಜೊಂದು ಉಳಿದಿತ್ತು. ನಾಳೆ ಹಾಕಿದರಾಯಿತು ಎಂದುಕೊಂಡಳು. ನಾಳೆಗೆ ನಾಳೆಯ ಕೆಲಸಗಳಿದ್ದವು. ಪುಸ್ತಕದಲ್ಲಂತೂ ಆಗಿಹೋಗಿತ್ತು.

ಅವಳ ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು.

ಟೈಲರನ ಸಾಮಾನು ಒಯ್ಯಲು ಬಂದಿದ್ದ ಮಗಳು ಕೈಚೀಲ ಹಿಡಿದು ಒಳಗೆ ಬಂದಳು. "ಹೊರಡ್ತೀನಿ ಸಿಸ್ಟರ್. ನೀವಿದ್ರಿ ಅಂತ ಅಪ್ಪ ಸೂಜಿನಾದ್ರೂ ಹಾಕಿಸ್ಕೊಂಡ್ರು. ನನ್ನ ಮಾತು ಎಲ್ಲಿ ಕೇಳ್ತಿದ್ರು? ಅವರ ಹಣೇಲಿ ಅಷ್ಟೇ ಬರೆದಿತ್ತು."

ದೊಡ್ಡ ಸಿಸ್ಟರ್ ಕೋಟಿನ ಜೇಬಿಗೆ ಕೈ ಹಾಕಿಕೊಂಡಳು. ಹರಿದಿದ್ದ ಆ ಜೇಬನ್ನು ಹೊಲಿದುಕೊಟ್ಟವನೂ ಟೈಲರನೇ.

ಡಾಕ್ಟರಮ್ಮ ರಿಜಿಸ್ಟರು ಮುಚ್ಚಿದಳು. "ಹನ್ನೆರಡು ಜನ ಬೇಡ ಅಂದ್ರು ಅಂತ ಬರ್ಕೊಂಡು ಹೋಗ್ತೀನಿ. ಜ್ವರ ಇನ್ನೂ ಈ ಬೀದಿ ಬಿಟ್ಟು ಹೋಗಿಲ್ಲ, ನೆನಪಿರಲಿ."

"ತಡೀರಿ," ಎಂದು ದೊಡ್ಡ ಸಿಸ್ಟರ್ ಒಳಗೆ ಹೋದಳು. ಬಂದು ಸಿರಿಂಜನ್ನು ಮೇಜಿನ ಮೇಲಿಟ್ಟಳು. ತಣ್ಣಗಿದ್ದ ಗಾಜಿನ ಮೇಲೆ ಬೆವರು ಮೂಡತೊಡಗಿತು.

"ಇದು ಟೈಲರ್ ತಾತಂದು. ನಾನು ಹಾಕೇ ಇಲ್ಲ. ಮೊದ್ಲೇ ರೈಟು ಹಾಕಿದ್ದೆ. ಆಮೇಲೆ ಮರೆತೆ. ನೆನಪಾದ ಮೇಲೂ ಬಾಯಿ ಬಿಡ್ಲಿಲ್ಲ."

ಡಾಕ್ಟರಮ್ಮ ಮುಚ್ಚಿದ್ದ ರಿಜಿಸ್ಟರನ್ನು ಮತ್ತೆ ತೆರೆದಳು.

"ಇದನ್ನ ನಾನು ಬರೀಲೇಬೇಕಾಗುತ್ತೆ ಸಿಸ್ಟರ್. ನಿಮ್ಮ ಕೆಲಸಕ್ಕೆ..."

"ಗೊತ್ತು. ಬರೀರಿ. ಪೆನ್ನು ಬೇಕಾ?" ಎಂದು ಜೇಬಿನಿಂದ ತೆಗೆದುಕೊಟ್ಟಳು.

ಡಾಕ್ಟರಮ್ಮ ರೈಟನ್ನು ಹೊಡೆದುಹಾಕಿ, ಹೊಸ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಹಾಕಿಸ್ಕೊಂಡವರು ನಲವತ್ತೊಂದು. ಜ್ವರ ಬಂದಿದ್ದು ಆರು ಜನಕ್ಕೆ, ಯಾರೂ ಸತ್ತಿಲ್ಲ. ಹಾಕಿಸ್ಕೊಳ್ಳದವರು ಹದಿನೈದು. ಜ್ವರ ಹತ್ತು ಜನಕ್ಕೆ. ಸತ್ತವರು ಮೂರು."

ಡ್ರೈವರ್ ತಾತನ ಕುರ್ಚಿ ಕಿರುಗುಟ್ಟಿತು. ಅವನು ಎದ್ದು ಬಂದು ಎಡತೋಳಿನ ಅಂಗಿ ಮೇಲಕ್ಕೆ ಮಡಿಸಿದ. ದೊಡ್ಡ ಸಿಸ್ಟರ್ ಅಭ್ಯಾಸದಂತೆ ಹತ್ತಿಗೆ ಕೈ ಚಾಚಿದಳು.

"ಇವಳು ಬೇಡ," ಎಂದ ತಾತ, ಡಾಕ್ಟರಮ್ಮನ ಕಡೆ ತಿರುಗಿ. "ನೀನೇ ಹಾಕಮ್ಮ. ಹಾಕಿದ ಮೇಲೆ ಬರಿ."

ಅವನ ಹಿಂದೆ ಒಬ್ಬೊಬ್ಬರಾಗಿ ಎದ್ದರು. ಸಾಲು ಮಗಳನ್ನು ಬಳಸಿಕೊಂಡು ಹೋಯಿತು. ಅವಳು ಕೈಚೀಲದಿಂದ ಅಪ್ಪನ ಅಳತೆ ಟೇಪನ್ನು ತೆಗೆದು ಎರಡು ಬೆರಳಿಗೆ ಸುತ್ತಿದಳು. ತುದಿ ಮುಟ್ಟಿದಾಗ ಬಿಚ್ಚಿದಳು. ದೊಡ್ಡ ಸಿಸ್ಟರ್ ಎದುರಿಗೇ ನಿಂತಿದ್ದಳು. ಮಗಳು ತಲೆಯೆತ್ತಲಿಲ್ಲ. ಮತ್ತೆ ಮೊದಲಿಂದ ಸುತ್ತತೊಡಗಿದಳು.