ಹುಳುಗಳನ್ನು ಬಹುವಚನದಲ್ಲಿ ಕರೆಯುವವರು

ಗಾಗಲ್ ಭಾವ ಹೆಂಡತಿಯನ್ನು ಏಕವಚನದಲ್ಲಿ ಕರೆಯುತ್ತಿದ್ದರು, ಹುಳುಗಳನ್ನು ಬಹುವಚನದಲ್ಲಿ. ಅವರ ಚಾವಣಿಯಿಲ್ಲದ ಹಳೆಯ ಕಾರಿನೊಳಗೆ ಜೀರುಂಡೆಯೊಂದು ಬಂದು ಬಿದ್ದರೆ, ಎಷ್ಟೇ ಅವಸರವಿರಲಿ, ಪಕ್ಕಕ್ಕೆ ನಿಲ್ಲಿಸಿ, ಗಾಗಲ್ಲನ್ನು ಹಣೆಗೇರಿಸಿ, "ಇಳೀರಿ ಸ್ವಾಮಿ, ನಿಮ್ಮ ಸ್ಟಾಪು ಬಂತು" ಎಂದು ಅಂಗೈ ಚಾಚುತ್ತಿದ್ದರು. ಅದು ಇಳಿಯುತ್ತಿತ್ತು. ಅವರ ನಾದಿನಿಯ ಗಂಡನಿಗೆ, ಅಂದರೆ ಷಡ್ಡಕನಾದ ಟೈಲರನಿಗೆ, ಸಹಿಸಲಾಗದಿದ್ದದ್ದು ಅದೇ. ಅವನ ಮಾತನ್ನು ಅವನ ಹೊಲಿಗೆ ಯಂತ್ರವೂ ಕೇಳುತ್ತಿರಲಿಲ್ಲ.

ಭಾವ ಗಡಿಯಾರ ರಿಪೇರಿಯವರು. ಮಲಗಿದ ಮಗು ಎದ್ದೀತೆಂಬಂತೆ ತುದಿಗಾಲಿನ ನಡಿಗೆ, ಗಲ್ಲದವರೆಗೆ ಗುಂಡಿ ಹಾಕಿದ, ಮೊಣಕೈಯಲ್ಲಿ ಬಣ್ಣ ಸವೆದ ಕೋಟು, ಕಾರು ಓಡುವಷ್ಟು ಹೊತ್ತೂ ಬಿಗಿದ ತುಟಿ, ಏಕೆಂದರೆ "ಮಾತಾಡಿದ್ರೆ ಹುಳುಗಳನ್ನ ನುಂಗ್ಬೇಕಾಗುತ್ತೆ." ಸೂರ್ಯಾಸ್ತಕ್ಕೆ ಮೊದಲೇ ಪ್ರಯಾಣ ಮುಗಿಯಬೇಕು, ಸೀಟಿನ ಹತ್ತಿರ ಹಣ್ಣಿನ ಸಿಪ್ಪೆಯಿರಲಿ, ತಲೆಗೆ ಹಚ್ಚಿದ ಸುವಾಸನೆಯ ಎಣ್ಣೆಯೂ ಇರಕೂಡದು ಎಂಬ ಅವರ ವ್ರತನಿಷ್ಠೆ ನ್ಯಾಯವಾಗಿ ನಗೆಪಾಟಲಾಗಬೇಕಿತ್ತು. ಆದರೆ ಟೈಲರನ ಹೆಂಡತಿ ನಗುವ ಬದಲು ಎಣ್ಣೆಯನ್ನೇ ಬಿಟ್ಟಳು. ಆ ಎಣ್ಣೆಯಿಂದ ತನಗೆ ತಲೆನೋವು ಬರುತ್ತದೆಂದು ಹನ್ನೆರಡು ವರ್ಷ ಗೋಗರೆದವನು ಟೈಲರ್.

ಆ ಸಲ ಎರಡೂ ದಂಪತಿಗಳು ಮೂರು ದಿನದ ಪ್ರವಾಸ ಹೊರಟಿದ್ದರು. ಸೀಟುಗಳ ಮೇಲೆ ಬೆತ್ತದ ಕಮಾನು ಬಗ್ಗಿಸಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊದಿಕೆ ಹೊಲಿಸುವುದು ಭಾವನ ಯೋಜನೆ. "ಎಲ್ಲೂ ಸಂದು ಬಿಡ್ಬೇಡಿ ಟೈಲರ್ ಸಾಹೇಬ್ರೇ" ಎಂದರು. ಟೈಲರ್ ಬಿಡಲಿಲ್ಲ, ಒಂದು ಕಡೆ ಬಿಟ್ಟು. ಚಾಲಕನ ಕಿವಿಯ ನೇರಕ್ಕೆ ನಾಲ್ಕು ಬೆರಳಗಲ ಬರೀ ಕಚ್ಚಾ ಹೊಲಿಗೆ ಹಾಕಿದ. ಅಳತೆ ನೋಡಲು ಹಾಕಿ ಆಮೇಲೆ ಎಳೆದುಹಾಕುವಂಥದ್ದು, ಗಾಳಿ ಜಗ್ಗಿದರೆ ತಾನೇ ಬಿಡುವಂಥದ್ದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಒಂದೇ ಒಂದು ಸಲ, ತನ್ನ ಹೆಂಡತಿಯ ಕಣ್ಣೆದುರು, ಆ ಮಹಾನುಭಾವರು ಕಿರುಚಿಕೊಂಡು ಕುಣಿಯಬೇಕು.

ಎರಡನೆಯ ದಿನ, ಸೂರ್ಯಕಾಂತಿ ಹೊಲದ ಪಕ್ಕದಲ್ಲಿ, ಹೊಲಿಗೆ ಬಿಟ್ಟಿತು. ಜೇನುಹುಳುವೊಂದು ಒಳಬಂದು ಭಾವನ ಕೊರಳಪಟ್ಟಿಯ ಮೇಲೆ ಕೂತಿತು. ಹಿಂದಿನ ಸೀಟಿನಲ್ಲಿದ್ದ ಟೈಲರ್ ನೋಡಲು ಮುಂದಕ್ಕೆ ಬಾಗಿದ. ಭಾವ ಮೆಲ್ಲಗೆ ಕಾರು ನಿಲ್ಲಿಸಿದರು. "ಬನ್ನಿ ತಾಯಿ, ಸ್ಟಾಪು ಬಂತು." ಅದು ಅವರ ಬೆರಳೇರಿ, ಅದೇ ಸಂದಿನಿಂದ ಹೊರಗೆ ಹಾರಿಹೋಯಿತು. ಭಾವ ಆ ಸಂದನ್ನು, ಅದರಿಂದ ಜೋತುಬಿದ್ದ ಬಿಳಿ ನೂಲನ್ನು ನೋಡಿದರು. ಆಮೇಲೆ ನಾದಿನಿಯ ಕಡೆ ತಿರುಗಿದರು.

"ನೋಡಮ್ಮಾ ನಿನ್ನ ಗಂಡನ ತಲೆ! ನಾನೋ ಎಲ್ಲ ಮುಚ್ಚಿ ಅಂದ್ಬಿಟ್ಟೆ. ಒಳಗೆ ಬಂದೋರು ಹೋಗೋದು ಹೇಗೆ ಅಂತ ಯೋಚಿಸ್ದೋರು ಇವ್ರು."

ಅವಳು ತಿರುಗಿ ಗಂಡನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ನೋಡಿದ್ದ ನೋಟ ಅದು.

"ಹೌದೇನ್ರೀ?"

"ಹೂಂ" ಎಂದ ಟೈಲರ್.

ಮಧ್ಯಾಹ್ನ ತಂಗಿದಲ್ಲಿ ಭಾವ ತಮ್ಮ ಕೋಟಿನ ಕೊನೆಯ ಗುಂಡಿಯನ್ನು ಕಿತ್ತುಕೊಟ್ಟು, "ಬಾಗ್ಲು ಅಂದ್ಮೇಲೆ ಅಗಳಿ ಬೇಕಲ್ಲ, ಇದನ್ನ ಹಾಕ್ಬಿಡಿ" ಎಂದರು. ಟೈಲರ್ ಹೊಲಿಯುತ್ತ ಕೂತ. ಹೆಂಡತಿ ಪಕ್ಕದಲ್ಲಿ ಕೂತು ಸೂಜಿಗೆ ನೂಲು ಪೋಣಿಸಿಕೊಟ್ಟಳು. ಕೂದಲೆಳೆಯಂಥ ಸ್ಪ್ರಿಂಗಿನ ದೋಷವನ್ನು ಒಂದೇ ನೋಟಕ್ಕೆ ಹಿಡಿಯುವ ಭಾವನ ಕಣ್ಣಿಗೆ ಕಚ್ಚಾ ಹೊಲಿಗೆ ತಿಳಿಯಲಿಲ್ಲವೇ?

ಒಳ್ಳೆಯವರನ್ನು ಪ್ರೀತಿಸುವುದು ಸುಲಭವೆನ್ನುವವರು ಅವರಿಗೆ ಷಡ್ಡಕರಾಗಿ ನೋಡಿದವರಲ್ಲ. ಕೆಟ್ಟವರು ನಮ್ಮ ಮತ್ಸರಕ್ಕೆ ಕಾರಣ ಒದಗಿಸಿ ಉಪಕಾರ ಮಾಡುತ್ತಾರೆ. ಈ ಬಗೆಯವರು ನಾವು ಬಗೆದ ಕೇಡಿಗೂ ಗುಂಡಿ ಹಾಕಿಸಿ, ಅದು ನಮ್ಮದೇ ಸದ್ಗುಣವೆಂದು ಹೊಗಳಿ, ಅದನ್ನು ಹೊತ್ತು ಬಾಳಲು ಬಿಡುತ್ತಾರೆ. "ನಮ್ಮೋರು ಹುಳಕ್ಕೂ ಬಾಗ್ಲು ಇಟ್ಟೋರು" ಎಂದು ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಟೈಲರನ ತಲೆ ಹೊಕ್ಕ ಹುಳುವಿಗೆ ಮಾತ್ರ ಇಂದಿಗೂ ಸ್ಟಾಪು ಬಂದಿಲ್ಲ.